ಸೆರಗು ಅಡ್ಡ ಹಿಡಿದ ನಗು

ನಗು ಬಂದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಿದ್ದೀರಾ ಎಂದಾದರೂ? ಮುಂಬೈಯ ನಮ್ಮ ಚಾಳಿನ ಪಕ್ಕದ ಮನೆಯವಳು ಸೆರಗು ಹಿಡಿಯುತ್ತಿದ್ದಳು. "ನಗಸಬ್ಯಾಡ್ರಿ ಅಕ್ಕಾ" ಎನ್ನುತ್ತಲೇ ನಗುತ್ತಿದ್ದಳು. ವಿಜಯಪುರದ ಕಡೆಯವಳು. ಊರಿನ ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದು ಬೆಳೆದ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು.

ದಾದರಿನ ಸೀರೆ ಅಂಗಡಿಯ ಒಳಕೋಣೆಯಲ್ಲಿ ಸೀರೆ ಮಡಿಸುವುದು ಅವಳ ಕೆಲಸ. ಹಲ್ಲು ಬಿಳಿಯಾದರೆ ಕೌಂಟರಿನಲ್ಲಿ ನಿಲ್ಲಿಸುತ್ತೇನೆ ಎಂದನಂತೆ ಅಂಗಡಿಯ ಮಾಲೀಕ ಸೇಠ್. ಅಂಧೇರಿಯ ಹಲ್ಲಿನ ಕ್ಲಿನಿಕ್ಕಿಗೆ ನನ್ನನ್ನೂ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಬಣ್ಣ ಹೋಲಿಸುವ ಪುಟ್ಟ ಹಲ್ಲುಗಳ ಪಟ್ಟಿಯನ್ನು ಅವಳ ತುಟಿಯ ಬಳಿ ಹಿಡಿದರು. ಒಂದೂ ಹೊಂದಲಿಲ್ಲ.

"ಅಕ್ಕಾ, ನಮ್ಮೂರ ನೀರಿನ ಬಣ್ಣ ಇದರಾಗ ಇಲ್ಲೇನ್ರಿ?" ಎಂದು ನನ್ನನ್ನು ಕೇಳಿದಳು.

ಕುರ್ಚಿಯಲ್ಲೇ ಮಾಡುವ ಬ್ಲೀಚಿಂಗ್, ಮನೆಯಲ್ಲಿ ಹಲ್ಲಿಗೆ ಹಾಕಿಕೊಳ್ಳಲು ಕೊಡುವ ಬ್ಲೀಚ್ ಜೆಲ್ಲಿನ ಟ್ರೇ, ಎರಡೂ ಚಹಾದ ಕಲೆಗೆ ಸರಿ ಎಂದರು ಡಾಕ್ಟರಮ್ಮ. ಇವಳ ಬಣ್ಣ ಹಲ್ಲಿನೊಳಗೇ ಕೂತಿದೆ, ಬ್ಲೀಚ್ ಮಾಡಿದರೆ ಪಟ್ಟೆ ಇನ್ನೂ ಎದ್ದು ಕಾಣಬಹುದು. ಉಳಿದದ್ದು ಹಲ್ಲು ತುಸು ಸವೆಸಿ ಬಿಳಿ ಪದರ ಅಂಟಿಸುವುದು. ಅದು ಅವಳ ಕೈಗೆಟುಕುವಂಥದ್ದಲ್ಲ.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ನಾನೇ ಬಾಯಿ ತೆರೆದೆ. "ನಿಮ್ಮ ಸೇಠನ ಹಲ್ಲರೆ ಏನ್ ಛಂದ ಅದಾವ? ಗುಟ್ಕಾ ತಿಂದು ತಿಂದು ಇಟ್ಟಂಗಿ ಆಗ್ಯಾವ."

ಅವಳ ಸೆರಗು ಮೇಲೇಳಲಿಲ್ಲ. ಅವಳಿಗೆ ನಗುವೇ ಬಾರದ್ದರಿಂದ ಏಳುವ ಅಗತ್ಯವೇ ಬರಲಿಲ್ಲ.

ಕೌಂಟರಿಗೆ ಬೇರೆ ಹುಡುಗಿ ಬಂದಳು. ಇವಳು ಚಾಳು ಬಿಟ್ಟು ಹೋಗುವವರೆಗೂ "ನಗಸಬ್ಯಾಡ್ರಿ" ಎಂದದ್ದನ್ನು ನಾನು ಮತ್ತೆ ಕೇಳಲಿಲ್ಲ.

ಹೀಗೆ ನಗು ಬಿಟ್ಟವರು ನಿಮಗೂ ಗೊತ್ತಿದ್ದರೆ ಕೆಳಗೆ ಬರೆಯಿರಿ. ಮನೆಮದ್ದು ಬೇಡ, ಅವರ ಕಥೆ ಹೇಳಿ.