ಹಾಳೆಯ ಬೆನ್ನು

ಹೊಸಪೇಟೆಯ ಅಂಚಿನಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಸಂಡೂರಿನ ಗಣಿಗಳಿಗೆ ಬೇಕಾದ ಸಾಮಾನು ತಯಾರಾಗುತ್ತದೆ. ಅದಿರನ್ನು ಗುಡ್ಡದಿಂದ ಸಾಗಿಸುವ ಬೆಲ್ಟು, ಆ ಬೆಲ್ಟನ್ನು ಎಳೆಯುವ ಡ್ರಮ್ಮು, ಡ್ರಮ್ಮನ್ನು ತಿರುಗಿಸುವ ಶಾಫ್ಟು. ಕಂಪ್ಲಿಯ ಅಕ್ಕಿ ಗಿರಣಿಗಳ ಕೆಲಸವೂ ಆಗಾಗ ಬರುತ್ತದೆ. ನನ್ನ ಕೈಗೆ ಮಾತ್ರ ಗ್ರೀಸ್ ಹತ್ತುವುದಿಲ್ಲ. ಡಿಪ್ಲೊಮಾ ಮುಗಿಸಿ ಸೇರಿದ ನನ್ನನ್ನು ಮಾಲೀಕರು ಕಂಪ್ಯೂಟರಿನ ಮುಂದೆ ಕೂರಿಸಿದರು. ಪಿಎಲ್‌ಎಂ ಎಂಬ ಸಾಫ್ಟ್‌ವೇರ್ ಹೊಸದಾಗಿ ಬಂದಿತ್ತು. ಒಂದು ವಸ್ತು ಡ್ರಾಯಿಂಗಿನಲ್ಲಿ ಹುಟ್ಟುವುದರಿಂದ ಹಿಡಿದು ಗುಜರಿಗೆ ಹೋಗುವವರೆಗೆ ಅದರ ಪೂರ್ತಿ ಜಾತಕ ಅದರಲ್ಲಿರುತ್ತದೆ: ಯಾರು ಬರೆದರು, ಯಾರು ತಿದ್ದಿದರು, ಯಾರು ಒಪ್ಪಿದರು, ಯಾವ ಉಕ್ಕು ಬಳಸಬೇಕು. ಒಪ್ಪಿಗೆಯಾದ ಡ್ರಾಯಿಂಗಿನ ಪಕ್ಕ ಹಸಿರು ಗುರುತು ಬೀಳುತ್ತದೆ. ಹಸಿರಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅದನ್ನು ಸಿಸ್ಟಮ್ ಎಂದೇ ಕರೆಯುತ್ತಿದ್ದರು.

ಹಳೆಯ ಡ್ರಾಯಿಂಗುಗಳನ್ನೆಲ್ಲ ಸಿಸ್ಟಮ್ಮಿಗೆ ಏರಿಸುವುದು ನನ್ನ ಮೊದಲ ಕೆಲಸವಾಗಿತ್ತು. ಅವನ್ನು ಕೈಯಿಂದ ಬರೆದವರು ಮಾಲೀಕರ ತಂದೆ, ಕಾರ್ಖಾನೆ ಕಟ್ಟಿದ ದೊಡ್ಡವರು. ನಾನು ಸೇರುವ ಹೊತ್ತಿಗೆ ಅವರು ಗೋಡೆಯ ಮೇಲಿನ ಫೋಟೊ ಆಗಿದ್ದರು. ಪ್ರತಿ ಹಾಳೆಯ ಮೂಲೆಯಲ್ಲಿ ಅವರ ಸಹಿ ಇತ್ತು. ಆಯುಧ ಪೂಜೆಯ ದಿನ ಉಕ್ಕು ಕಡೆಯುವ ಲೇತ್ ಯಂತ್ರಗಳ ಜೊತೆ ಆ ಕಟ್ಟುಗಳಿಗೂ ಕುಂಕುಮ ಹಚ್ಚಿ ಹೂ ಏರಿಸುತ್ತಿದ್ದರು. ಒಂದು ತಿಂಗಳು ಧೂಳು ಕುಡಿಯುತ್ತ, ಸೀನುತ್ತ, ಒಂದೊಂದೇ ಹಾಳೆ ಬಿಡಿಸಿ ಸ್ಕ್ಯಾನ್ ಮಾಡಿದೆ. ಮಾಲೀಕರು ಒಂದೇ ಮಧ್ಯಾಹ್ನ ಕುಳಿತು ಎಲ್ಲಕ್ಕೂ ಒಪ್ಪಿಗೆ ಒತ್ತಿದರು. ಕಾಗದಗಳನ್ನು ನಾನೇ ರದ್ದಿಗೆ ಹಾಕಿಸಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ಜನ್ಮದಲ್ಲಿ ಮಾಡಿರಲಿಲ್ಲ ಎಂದು ಬೀಗಿದ್ದೆ.

ಇಡೀ ಕಾರ್ಖಾನೆಯಲ್ಲಿ ಇದು ಹಿಡಿಸದಿದ್ದವರು ಒಬ್ಬರೇ, ಲೇತಿನ ಮೇಸ್ತ್ರಿ. ದೊಡ್ಡವರ ಕೈಕೆಳಗೆ ಪಳಗಿದವರು, ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಶಾಫ್ಟುಗಳೆಲ್ಲ ಅವರ ಕೈಯಿಂದಲೇ ಇಳಿಯಬೇಕು. ನನಗೆ ಅವರ ಮೌನ ಕಂಡರೆ ಆಗುತ್ತಿರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯಲ್ಲಿ ನನ್ನ ಅವ್ವನೂ ಹೆದರುತ್ತಾಳೆ. ಒಂದು ದಿನ ಗಣಿಯವರು ನಮ್ಮ ಹೊಸ ವ್ಯವಸ್ಥೆ ನೋಡಲು ಬಂದಿದ್ದರು. ನಾನು ಅವರ ಮುಂದೆ, ಇಲ್ಲಿ ಯಾರೂ ಕಾಗದ ಮುಟ್ಟುವುದಿಲ್ಲ, ಎಲ್ಲ ಪರದೆಯ ಮೇಲೆ ಎಂದು ದೊಡ್ಡ ಗಂಟಲಿನಲ್ಲಿ ಹೇಳುತ್ತಿದ್ದಾಗಲೇ ಮೇಸ್ತ್ರಿ ರದ್ದಿಯಿಂದ ಉಳಿಸಿಕೊಂಡಿದ್ದ ಒಂದು ಹಳೆಯ ಹಾಳೆ ಹಿಡಿದು ಎದುರಿಗೆ ಬಂದರು. ಏನೋ ಹೇಳಲು ಬಾಯಿ ತೆರೆದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಳೆ ಕಿತ್ತುಕೊಂಡು ಅಲ್ಲೇ ಎರಡಾಗಿ ಹರಿದೆ, ಇನ್ನು ಮೇಲೆ ಸಿಸ್ಟಮ್ಮಿನಲ್ಲಿ ಇದ್ದಷ್ಟೇ ಮಾಡಬೇಕು ಎಂದೆ. ಅವರು ಬಗ್ಗಿ ಚೂರುಗಳನ್ನು ಎತ್ತಿಕೊಂಡು ಹೋದರು.

ಆಮೇಲಿನ ವಾರವೇ ಸಂಡೂರಿನ ಒಂದು ಗಣಿಗೆ ಡ್ರಮ್ಮಿನ ಶಾಫ್ಟು ಬೇಕಾಯಿತು. ಸಿಸ್ಟಮ್ಮಿನಲ್ಲಿದ್ದ ಉಕ್ಕನ್ನೇ ಸ್ಟೋರಿನವರು ಕೊಟ್ಟರು. ಮೇಸ್ತ್ರಿ ತುಟಿ ಎರಡು ಮಾಡದೆ ಮಾಡಿಕೊಟ್ಟರು. ನಮ್ಮ ಫಿಟರ್ ಅದನ್ನು ಜೋಡಿಸಲು ಗುಡ್ಡಕ್ಕೆ ಹೋದ. ಮಾರನೆಯ ದಿನ ಬೆಳಿಗ್ಗೆ ಬೆಲ್ಟನ್ನು ಖಾಲಿ ಓಡಿಸಿ ನೋಡಿದರಂತೆ. ಮೂರು ಗಂಟೆಗೆ ಅದಿರು ತುಂಬಿ ಟ್ರಯಲ್ ಎಂದು ಗಣಿ ಆಫೀಸಿನ ಫೋನಿನಿಂದ ಅವನು ನನಗೆ ತಿಳಿಸಿದ್ದ.

ಆ ದಿನ ಊಟದ ಹೊತ್ತಿಗೆ ಮೇಸ್ತ್ರಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ಹಿಂದೆಂದೂ ಆಫೀಸಿನೊಳಗೆ ಕಾಲಿಟ್ಟವರಲ್ಲ. ಟ್ರಯಲ್ ಆಯಿತೇ ಎಂದು ಕೇಳಿದರು. ಮೂರಕ್ಕೆ ಎಂದೆ, ತಲೆ ಎತ್ತದೆ. ಅವರು ಹೋಗಲಿಲ್ಲ.

"ಆ ಶಾಫ್ಟ್ ಮ್ಯಾಲೆ ಲೋಡ್ ಹಾಕಬ್ಯಾಡ ಅನ್ರಿ. ಅದು ಮೆತ್ತನ್ನ ಉಕ್ಕು, ತಡಿಯಂಗಿಲ್ಲ."

ಡಬ್ಬಿಯ ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ಅವರು ಜೇಬಿನಿಂದ ಆ ಹಾಳೆಯ ಎರಡು ಚೂರು ತೆಗೆದು ಮೇಜಿನ ಮೇಲೆ ಜೋಡಿಸಿದರು, ಮಗುಚಿ. ಇದೇ ಶಾಫ್ಟಿನ ಡ್ರಾಯಿಂಗು ಅದು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಕನ್ನಡ ಅಕ್ಷರ: ಗಟ್ಟಿ ಉಕ್ಕಿನಲ್ಲೇ ಮಾಡುವುದು, ಸಾದಾ ಉಕ್ಕು ಬೇಡ. ದೊಡ್ಡವರು ಸಹಿ ಹಾಕಿದ ಹಾಳೆಯ ಮುಖದ ಮೇಲೆ ಕಾಟು ಹೊಡೆಯುವ ಧೈರ್ಯ ಇಲ್ಲಿ ಯಾರಿಗೂ ಇರಲಿಲ್ಲವಂತೆ. ಅವರಿಗೆ ಅವಮಾನವಾಗಬಾರದೆಂದು, ಏನೇ ತಿದ್ದುಪಡಿ ಇದ್ದರೂ ಹಾಳೆಯ ಬೆನ್ನಿಗೆ ಬರೆಯುತ್ತಿದ್ದರು. ಕೊನೆಕೊನೆಗೆ ದೊಡ್ಡವರೂ ಹಾಗೇ ಬರೆದರು, ಈ ಅಕ್ಷರ ಅವರದೇ. ಲೇತ್ ಹಿಡಿಯುವವನು ಮೊದಲು ಹಾಳೆ ಮಗುಚಿ ನೋಡುವುದು ರೂಢಿ. ಅದನ್ನು ನನಗೆ ಯಾರೂ ಹೇಳಿರಲಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದುಕೊಂಡಿದ್ದರು. ನಾನು ತಿಂಗಳಿಡೀ ಮುಖಗಳನ್ನಷ್ಟೇ ಸ್ಕ್ಯಾನ್ ಮಾಡಿದ್ದೆ.

ಹಿಂದೊಮ್ಮೆ ಇದೇ ಬೆಲ್ಟಿನಲ್ಲಿ ಸಾದಾ ಉಕ್ಕಿನ ಶಾಫ್ಟು ತಿರುಚಿ ಮುರಿದಿತ್ತು, ಅದಿರು ಹೊತ್ತ ಬೆಲ್ಟು ಇಳಿಜಾರಿನಲ್ಲಿ ಹಿಂದಕ್ಕೆ ಓಡಿತ್ತು, ಕೆಳಗೆ ನಿಂತಿದ್ದವನ ಕಾಲು ಹೋಯಿತು ಎಂದು ಅವರು ಹೇಳಿದರು. ಟ್ರಯಲ್ ಹೊತ್ತಿನಲ್ಲಿ ನಮ್ಮ ಫಿಟರ್ ನಿಲ್ಲುವುದೂ ಅಲ್ಲೇ. ನಾನು ಫೋನು ಕೈಗೆತ್ತಿಕೊಂಡೆ.

ಫಿಟರನ ಫೋನು ಗಣಿಯ ಗೇಟಿನಲ್ಲೇ ಇರುತ್ತದೆ, ಒಳಗೆ ಒಯ್ಯಲು ಬಿಡುವುದಿಲ್ಲ. ಗಣಿ ಆಫೀಸಿನ ಫೋನು ಬಡಿದುಕೊಂಡು ಸುಮ್ಮನಾಯಿತು, ಊಟದ ಹೊತ್ತು. ಮಾಲೀಕರು ಕಂಪ್ಲಿಯ ಗಿರಣಿಯೊಂದಕ್ಕೆ ಹೋಗಿದ್ದರು, ಆ ಸದ್ದಿನಲ್ಲಿ ಅವರಿಗೆ ರಿಂಗ್ ಎಲ್ಲಿ ಕೇಳಬೇಕು? ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ. ನನ್ನ ಸ್ಕೂಟಿಯ ಹಿಂದೆ ಮೇಸ್ತ್ರಿಯನ್ನು ಕೂರಿಸಿಕೊಂಡು ಹೊರಟೆ.

ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ್ದವು. ಒಂದನ್ನು ದಾಟಿದರೆ ಮುಂದೆ ಮತ್ತೊಂದು. ಕೆಂಪು ಧೂಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಏರಿನಲ್ಲಿ ಸ್ಕೂಟಿ ಇಬ್ಬರನ್ನೂ ಎಳೆಯಲಾರದೆ ಏದುಸಿರು ಬಿಡುತ್ತಿತ್ತು. ನನಗೋ ಮೇಸ್ತ್ರಿಯ ಮೇಲೆ ಕೆಟ್ಟ ಸಿಟ್ಟು: ಉಕ್ಕು ಮೆತ್ತಗಿದೆ ಎಂದು ಕತ್ತರಿಸುವಾಗಲೇ ಆ ಕೈಗಳಿಗೆ ಗೊತ್ತಾಗಿರಬೇಕಲ್ಲ, ಯಾಕೆ ಮಾಡಿದರು? ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಜನರ ಮುಂದೆ ಹಾಳೆ ಹರಿದವಳು ನಾನು.

ಗೇಟು ಮುಟ್ಟಿದಾಗ ಮೂರಕ್ಕೆ ಇಪ್ಪತ್ತು ನಿಮಿಷ ಬಾಕಿ. ಕಾವಲುಗಾರ ನನ್ನ ಚಪ್ಪಲಿ ನೋಡಿ, ಶೂ ಇಲ್ಲದೆ, ಪಾಸ್ ಇಲ್ಲದೆ ಒಳಗೆ ಬಿಡಲಾಗದು ಎಂದ. ಅಂಗಲಾಚಿದೆ, ಜಗಳವಾಡಿದೆ. ಕಡೆಗೆ ಒಳಗಿನ ಫೋನಿನಲ್ಲಿ ಕಂಟ್ರೋಲ್ ರೂಮಿಗೆ ಮಾತಾಡಿಸಿದ. ಪುಣ್ಯಕ್ಕೆ ಫಿಟರ್ ಅಲ್ಲೇ ಇದ್ದ. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಗುಸುಗುಸು.

"ಅಕ್ಕಾರ, ಇಲ್ಲಿ ಸಾಹೇಬ್ರು ಕಂಪ್ಯೂಟರ್‌ನಾಗ ನೋಡಾಕತ್ಯಾರ. ಹಸಿರು ಐತಿ ಅಂತಾರ. ಬಾಯಿಮಾತು ಕೇಳಬ್ಯಾಡ್ರಿ, ಸಿಸ್ಟಮ್ ನೋಡ್ರಿ ಅಂದೋರು ನೀವ ಅಲ್ರಿ?"

ಹೌದು, ನಾನೇ. ಗಣಿಯವರಿಗೂ ನಮ್ಮ ಸಿಸ್ಟಮ್ ನೋಡಲು ದಾರಿ ಮಾಡಿಕೊಟ್ಟು, ಹಸಿರಿದ್ದರೆ ಕಣ್ಣು ಮುಚ್ಚಿ ನಂಬಿ ಎಂದು ಪಾಠ ಹೇಳಿದವಳು ನಾನೇ. ಹಸಿರು ಹೋಗುವವರೆಗೆ ಅವರು ಟ್ರಯಲ್ ನಿಲ್ಲಿಸಲು ಸಿದ್ಧರಿರಲಿಲ್ಲ. ಬೆಲ್ಟು ನಿಂತು ಆಗಲೇ ನಾಲ್ಕು ದಿನವಾಗಿತ್ತು, ಅವರ ಅವಸರ ಅವರಿಗೆ.

ಗೇಟಿನ ಬಳಿ ಸಿಗ್ನಲ್ ಇತ್ತು. ಫೋನಿನಲ್ಲೇ ಸಿಸ್ಟಮ್ ತೆರೆದು ಆ ಡ್ರಾಯಿಂಗನ್ನು ತಡೆಹಿಡಿಯಲು ಒತ್ತಿದೆ. ಮಾಲೀಕರ ಒಪ್ಪಿಗೆಗೆ ಕಾಯಲಾಗುತ್ತಿದೆ ಎಂದು ಬಂತು. ಯಾರೂ ಒಬ್ಬರೇ ಏನನ್ನೂ ಬದಲಿಸಬಾರದೆಂಬ ಆ ನಿಯಮವನ್ನು ಹಾಕಿಸಿದವಳೂ ನಾನೇ. ಮತ್ತೆ ಕಂಪ್ಲಿಗೆ ಫೋನು ಮಾಡಿದೆ. ಮೂರನೆಯ ಸಲಕ್ಕೆ ಎತ್ತಿದರು. ಯಾರು ಹೇಳಿದ್ದು ಎಂದು ಕೇಳಿದರು. ಮೇಸ್ತ್ರಿ ಎಂದೆ. ಅವರಿಗೆ ನಗು ಬಂತು. ಮೇಸ್ತ್ರಿಗೆ ಮೊದಲಿನಿಂದಲೂ ಸಿಸ್ಟಮ್ ಕಂಡರೆ ಆಗುವುದಿಲ್ಲ, ಟ್ರಯಲ್ ಆಗಲಿ, ಆಮೇಲೆ ನೋಡೋಣ ಎಂದರು. ಒಳಗೆ ಸೈರನ್ ಒಮ್ಮೆ ಕೂಗಿತು. ಬೆಲ್ಟಿನ ಹತ್ತಿರ ಇರುವವರು ಎಚ್ಚರವಾಗಿರಿ ಎಂದು ಕೂಗುವ ಸೈರನ್ ಅದು.

"ಸರ್, ಮೇಸ್ತ್ರಿ ಮಾತು ಬಿಡ್ರಿ. ತಪ್ಪು ನಂದು. ಹಾಳಿ ಹಿಂದ ಬರದಿದ್ದು ಯಾವುದೂ ನಾ ನೋಡಿಲ್ಲ. ನಿಮ್ಮಪ್ಪಾರು ಬರೆದದ್ದನ್ನ ನಾನ ಬಿಟ್ಟೀನಿ. ಒಪ್ಪಿಗೆ ಒತ್ರಿ, ಇಲ್ಲಾಂದ್ರ ಒಬ್ಬ ಮನಷ್ಯಾ ಹೋಗ್ತಾನ."

ಫೋನು ಕಟ್ಟಾಯಿತು. ನಾನು ಪರದೆಯನ್ನೇ ನೋಡುತ್ತ ನಿಂತೆ. ಎರಡನೆಯ ಸೈರನ್ ಆಯಿತು. ಮೇಸ್ತ್ರಿ ಗೇಟಿನ ಸರಳು ಹಿಡಿದು ಗುಡ್ಡದ ಕಡೆ ನೋಡುತ್ತಿದ್ದರು. ಮೂರನೆಯ ಸೈರನ್ನಿಗೆ ಬೆಲ್ಟು ಹೊರಡುತ್ತದೆ ಎಂದು ಕಾವಲುಗಾರ ಹೇಳಿದ. ಆಗ ಹಸಿರು ಕೆಂಪಾಯಿತು. ನಾನು ಒಳಫೋನಿನಲ್ಲಿ ಕಿರುಚಿದ್ದಷ್ಟೇ ನೆನಪು. ಮೂರನೆಯದು ಕೂಗಲಿಲ್ಲ.

ಶಾಫ್ಟು ಬಿಚ್ಚಿ ನೋಡಿದಾಗ, ಬೆಳಿಗ್ಗೆ ಖಾಲಿ ಓಡಿದ್ದಕ್ಕೇ ಡ್ರಮ್ಮು ಜಾರದಂತೆ ಕೀಲಿ ಕೂರಿಸುವ ತೋಡು ಅಗಲವಾಗಿ ಬಾಯಿ ಬಿಟ್ಟಿತ್ತಂತೆ. ಫಿಟರ್ ಗೇಟಿಗೆ ಬಂದು ಅದನ್ನು ಹೇಳುವಾಗ ಮೇಸ್ತ್ರಿ ಅವನ ಮುಖ ನೋಡಲಿಲ್ಲ.

ಸಂಜೆ ಕಾರ್ಖಾನೆಗೆ ಮರಳಿದಾಗ ಮಾಲೀಕರು ಕಂಪ್ಲಿಯಿಂದ ಬಂದು ಕೂತಿದ್ದರು. ಡ್ರಾಯಿಂಗು ತಿದ್ದಿ ಹೊಸ ಆವೃತ್ತಿ ಮಾಡಬೇಕಿತ್ತು. ಬದಲಾವಣೆಗೆ ಕಾರಣವೇನೆಂದು ಬರೆಯದೆ ಸಿಸ್ಟಮ್ ಮುಂದೆ ಹೋಗಲು ಬಿಡುವುದಿಲ್ಲ. ಗ್ರಾಹಕರ ಕೋರಿಕೆ ಎಂದು ಬರೆದು ಮುಗಿಸು ಎಂದು ಹೇಳಿ ಅವರು ಎದ್ದು ಹೋದರು. ನಾನು ಬೇರೆಯೇ ಬರೆದೆ: ಹಳೆಯ ಹಾಳೆಯ ಹಿಂಬದಿ ನೋಡದೆ ಏರಿಸಿದ್ದು ನನ್ನ ತಪ್ಪು, ತೋರಿಸಲು ಬಂದ ಹಾಳೆಯನ್ನು ಹರಿದದ್ದೂ ನನ್ನ ತಪ್ಪು. ಮೇಸ್ತ್ರಿ ಬಾಗಿಲ ಬಳಿ ನಿಂತಿದ್ದರು. ಏನು ಬರೆದೆ ಎಂದು ಕೇಳಿದರು. ಓದಿ ಹೇಳಿದೆ.

"ನಂದೂ ಬರಿಯವ್ವ. ಗೊತ್ತಿದ್ದೂ ಮಾಡಿ ಕೊಟ್ಟ ಅಂತ."

ನಾನು ಬೇಡ ಎಂದೆ. ಇದರಲ್ಲಿ ಒಮ್ಮೆ ಬರೆದದ್ದನ್ನು ಅಳಿಸಲಾಗುವುದಿಲ್ಲ, ಮಾಲೀಕರು ಓದುತ್ತಾರೆ, ಗಣಿಯವರೂ ಓದುತ್ತಾರೆ, ಇನ್ನೊಂದು ವರ್ಷದ ಕೆಲಸಕ್ಕೆ ಕುತ್ತು ಬರುತ್ತದೆ ಎಂದು ತಿಳಿಸಿ ಹೇಳಿದೆ. ಅವರು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಅಳಿಸಾಕ ಬರಂಗಿಲ್ಲ ಅಂತನ ಬರಿ ಅನ್ನಾಕತ್ತೀನಿ. ಆ ಫಿಟರ್ ನನ್ನ ಕೈಯಾಗ ಕೆಲಸ ಕಲ್ತಾಂವ. ನಿನ್ನ ಮ್ಯಾಲಿನ ಸಿಟ್ಟು ಅವನ ಮ್ಯಾಲೆ ಹಾಕೀನಿ ನಾ."

ಅವರ ಹೆಸರು ಟೈಪ್ ಮಾಡಿದೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ಓದಿ ತೋರಿಸು ಎಂದರು. ಓದಿದೆ. ಅವರು ಪೂರ್ತಿ ಕೇಳಿಸಿಕೊಂಡು ಸರಿ ಇದೆ ಎಂದರು. ಆಮೇಲೆ ಎದ್ದು, ಹೊಸ ಶಾಫ್ಟಿಗೆ ಗಟ್ಟಿ ಉಕ್ಕು ತೆಗೆಸಲು ಸ್ಟೋರಿನ ಕಡೆ ನಡೆದರು.