ಮದುವೆ ಪ್ರಕಟಣೆಗೆ ಬಂದ ಕೆಮ್ಮು

ಮೊಮ್ಮಗಳ ಮದುವೆ ಪ್ರಕಟಣೆಯನ್ನು ಇಂದು ಮಲಾಡಿನ ಚರ್ಚಿನಲ್ಲಿ ಮೊದಲ ಬಾರಿ ಓದಿದರೆಂದು ಮಗ ಫೋನಿನಲ್ಲಿ ತಿಳಿಸಿದ. ಕೆಮ್ಮಿಗೆಂದು ನನ್ನ ಬಾಯಲ್ಲಿದ್ದ ಜೇಷ್ಠಮಧುವಿನ ವಾಸನೆಗೆ ಐವತ್ತರ ದಶಕದಲ್ಲಿ ನಾವು ಹೋಗುತ್ತಿದ್ದ ಫೋರ್ಟ್ ಬಡಾವಣೆಯ ಚರ್ಚು, ನಮ್ಮಜ್ಜಿ ನೆನಪಾದರು.

ಅಜ್ಜಿಯ ಮಗಳು, ನನ್ನ ಸೋದರತ್ತೆಯ ಮದುವೆ ಪ್ರಕಟಣೆಯನ್ನೂ ಹೀಗೆಯೇ ಮೂರು ಭಾನುವಾರ ಓದಬೇಕಿತ್ತು. "ಅಡ್ಡಿ ಇದ್ದವರು ಈಗಲೇ ತಿಳಿಸಿ" ಎಂದು ಪ್ರಾರ್ಥನಾ ಪುಸ್ತಕದಿಂದ ಓದಿ ಪಾದ್ರಿಗಳು ಸುಮ್ಮನೆ ನಿಂತಾಗ ಸದಾ ಕೆಮ್ಮುವ ಅಜ್ಜಿ ಕೆಮ್ಮಿಬಿಟ್ಟರೆ, ಅದನ್ನೇ ಅಡ್ಡಿ ಎಂದುಕೊಂಡರೆ ಎಂಬುದೇ ಅತ್ತೆಯ ಭಯ.

"ಅಮ್ಮಾ, ಜೇಷ್ಠಮಧು ಬಾಯಿಗೆ ಹಾಕ್ಕೋ."

"ಕೆಮ್ಮು ನನ್ನ ಕೇಳಿ ಬರ್ತದಾ?"

ಕೊನೆಯ ಭಾನುವಾರ ಆ ಮೌನದಲ್ಲೇ ಕೆಮ್ಮು ಬಂತು. ಪಾದ್ರಿಗಳು ತಲೆ ಎತ್ತಿದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಅಜ್ಜಿ ಎದ್ದು ನಿಂತು, "ಅಡ್ಡಿಯಲ್ಲ ಅಯ್ಯನವರೇ, ಕೆಮ್ಮು. ಹುಡುಗ ಒಳ್ಳೆಯವ. ಮುಂದೆ ಓದಿ" ಎಂದರು. ಪಾದ್ರಿಗಳು ತಲೆಬಾಗಿ ಮುಂದುವರಿಸಿದರು. ಆ ಪ್ರಶ್ನೆಗೆ ಅಷ್ಟು ನೇರವಾಗಿ ಉತ್ತರಿಸಿದವರನ್ನು ನಾನು ಮತ್ತೆ ಕಂಡಿಲ್ಲ.

ಮೊಮ್ಮಗಳ ಎರಡನೇ ಪ್ರಕಟಣೆ ಮುಂದಿನ ಭಾನುವಾರ, ಬೆಳಗಿನ ಆರಾಧನೆಯಲ್ಲಿ.