ಹೊನ್ನತ್ತೆ ಹಾಕುತ್ತಿದ್ದ ಬಟ್ಟಲು

ಮೊನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ಸ್ಟೀಲಿನ ಬಟ್ಟಲೊಂದು ಕೈಜಾರಿ ಬಿತ್ತು. ಬಿದ್ದ ಬಟ್ಟಲು ಒಮ್ಮೆಲೇ ಸುಮ್ಮನಾಗುವುದಿಲ್ಲ. ಅಂಚಿನ ಮೇಲೆ ಸುತ್ತುತ್ತ, ಸುತ್ತು ಕಿರಿದಾದಂತೆಲ್ಲ ಅವಸರಪಡುತ್ತ, ಕೊನೆಗೆ ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಕಾರವಾರದ ಈ ಮನೆಯಲ್ಲಿ ನಾನೊಬ್ಬನೇ ಇರುವುದರಿಂದ ಅದರ ಭಾಷಣವನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದೆ. ಬಟ್ಟಲು ಎಂದರೆ ನಮ್ಮ ಕಡೆ ಊಟದ ತಟ್ಟೆ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು ಅದನ್ನು ಪಾಯಸದ ಪುಟ್ಟ ಪಾತ್ರೆ ಎಂದುಕೊಂಡು, ಇವರು ಅಷ್ಟರಲ್ಲೇ ಹೇಗೆ ಉಣ್ಣುತ್ತಾರೋ ಎಂದು ಕನಿಕರಪಡುವುದನ್ನು ತಾಲೂಕು ಕಚೇರಿಯ ಗುಮಾಸ್ತನಾಗಿ ನಾನು ಇಡೀ ನೌಕರಿಯ ಕಾಲ ಸಹಿಸಿಕೊಂಡಿದ್ದೇನೆ. ಇರಲಿ. ಸದ್ದು ನಿಂತ ಮೇಲೆ ನಾನು ಬಗ್ಗಿ ಬಟ್ಟಲು ಎತ್ತಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಕಾದೆ. ಬಟ್ಟಲಿನ ಸದ್ದಾದ ಮೇಲೆ ಯಾರೋ ಒಂದು ಹೆಸರು ಹೇಳಬೇಕು ಎನ್ನುವುದು ಈ ಕಿವಿಗಳ ಹಳೆಯ ಅಭ್ಯಾಸ.

ಅಂಕೋಲೆ ಬಳಿಯ ಹುಟ್ಟೂರು ಭಾವಿಕೇರಿಯ ನಮ್ಮ ಮನೆಯಲ್ಲಿ ಆ ಹೆಸರು ಹೇಳುತ್ತಿದ್ದವಳು ಹೊನ್ನತ್ತೆ, ಅಪ್ಪನ ಕೊನೆಯ ತಂಗಿ. ಅವಳಿಗೆ ಮಾತು ಬಂದದ್ದು ತಡವಾಗಿ. ಶಾಲೆಯ ಒಂದನೇ ಇಯತ್ತೆಯಲ್ಲಿ ಎರಡು ವರ್ಷ ಕೂತು, ಮೂರನೆಯ ವರ್ಷ ಮಾಸ್ತರರ ಕಷ್ಟ ನೋಡಲಾರದೆ ತಾನೇ ಮನೆಗೆ ಬಂದಳಂತೆ. ಬಸ್ ಟಿಕೆಟುಗಳನ್ನು ಕೂಡಿಡುವುದೆಂದರೆ ಇಷ್ಟ, ಗುಡುಗು ಎಂದರೆ ಸಿಟ್ಟು, ದೊಡ್ಡಪ್ಪನ ಗೊರಕೆಯನ್ನು ಅವನೆದುರೇ ಅಣಕಿಸುವ ಧೈರ್ಯ ಇಡೀ ಮನೆಯಲ್ಲಿ ಅವಳೊಬ್ಬಳಿಗೆ. ಎರಡು ಹೊತ್ತೂ ಜಗುಲಿಯ ಕೆಂಪು ನೆಲದ ಮೇಲೆ ಗೋಡೆಗುಂಟ ಬಟ್ಟಲು ಹಾಕುವುದು ಅವಳ ಇಲಾಖೆ. ಎದೆಗೆ ಒತ್ತಿಕೊಂಡ ರಾಶಿಯಿಂದ ಒಂದೊಂದನ್ನೇ ತೆಗೆದು, ನೆಲದ ಮೇಲೆ ಟಣ್ಣೆಂದು ಇಟ್ಟು, ಯಾರದ್ದೆಂದು ಹೇಳುತ್ತಿದ್ದಳು: "ಅಜ್ಜಂದು. ದೊಡ್ಡಣ್ಣಂದು. ಸಣ್ಣಣ್ಣಂದು. ತಮ್ಮಂದು." ತಮ್ಮ ಎಂದರೆ ನಾನು. ಮಕ್ಕಳ ಬಾಯಿಂದ ಕಲಿತು ಅವಳೂ ಅಜ್ಜ ಎನ್ನುತ್ತಿದ್ದ ಅವಳ ಅಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಬೊಂಬಾಯಿಗೆ ಹೋದ ಚಿಕ್ಕಪ್ಪ, ಅಂದರೆ ಅವಳ ಸಣ್ಣಣ್ಣ, ಕಾಗದ ಬರೆಯುವುದನ್ನೂ ಬಿಟ್ಟಿದ್ದ. ಅವರ ಬಟ್ಟಲುಗಳು ಮಾತ್ರ ಒಂದು ದಿನವೂ ತಪ್ಪಲಿಲ್ಲ. ಈ ವಿಷಯದಲ್ಲಿ ಅಜ್ಜಿ ಹೊರಡಿಸಿದ ಕಾನೂನು ಚಿಕ್ಕದು, ತಿದ್ದುಪಡಿಗೆ ಆಸ್ಪದವಿಲ್ಲದ್ದು. ಬಟ್ಟಲು ಹಾಕುವುದು ಹೊನ್ನಿಯ ಕೆಲಸ, ಹಾಕಿದ ಬಟ್ಟಲನ್ನು ಯಾರೂ ಎತ್ತಕೂಡದು, ಹಾಕಿದ ಬಟ್ಟಲಿಗೆ ಅನ್ನ ಬೀಳಲೇಬೇಕು. ಅಜ್ಜನ ಪಾಲಿನ ಕುಚ್ಚಲಕ್ಕಿ ಅನ್ನವನ್ನು ಸಂಜೆ ಎಮ್ಮೆ ಉಣ್ಣುತ್ತಿತ್ತು. ಅಜ್ಜನಿಗೆ ಅದರಿಂದ ಬೇಸರವಾದ ಹಾಗೆ ಕಾಣಲಿಲ್ಲ.

ಅವಳನ್ನು ಏನೆಂದು ಕರೆಯಬೇಕು ಎಂಬ ಪ್ರಶ್ನೆ ಊರಿಗೆ ಇತ್ತು, ನಮ್ಮ ಮನೆಗೆ ಇರಲಿಲ್ಲ. ಊರಿನವರ ಬಳಿ ಪದಗಳು ಧಾರಾಳ. ಅವನ್ನು ಇಲ್ಲಿ ಬರೆದು ಮತ್ತೆ ಜೀವ ಕೊಡುವ ಮನಸ್ಸಿಲ್ಲ. ಯಾರಾದರೂ ಅಂಥದೊಂದನ್ನು ಅಂಗಳಕ್ಕೆ ತಂದರೆ ಅಜ್ಜಿ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ, "ಅವ್ಳಿಗೆ ಹೆಸ್ರು ಅದೆ" ಎನ್ನುತ್ತಿದ್ದಳು. ಅಷ್ಟೇ. ಮುಂದೆ ನೌಕರಿಯಲ್ಲಿ, ಹೊನ್ನತ್ತೆಯಂಥವರನ್ನು ಇನ್ನು ಮುಂದೆ ಹೀಗೆ ಬರೆಯತಕ್ಕದ್ದು, ಹಾಗೆ ಬರೆಯತಕ್ಕದ್ದಲ್ಲ ಎನ್ನುವ ಸುತ್ತೋಲೆಗಳು ಬಂದಾಗಲೆಲ್ಲ ನಾನು ಭಕ್ತಿಯಿಂದ ಹಳೆಯ ಪದ ಹೊಡೆದು ಹೊಸದನ್ನು ಬರೆದೆ. ಒಂದೊಂದು ಹೊಸ ಪದವೂ ಹಿಂದಿನದಕ್ಕಿಂತ ಮರ್ಯಾದೆಯದಾಗಿತ್ತು, ಅದನ್ನು ಒಪ್ಪಬೇಕು. ಸರಕಾರ ಅಷ್ಟು ದೂರ ನಡೆದು ಬಂದು ತಲುಪಬೇಕಾಗಿದ್ದ ಜಾಗದಲ್ಲಿ ಅಜ್ಜಿ ಕಾಲು ಚಾಚಿಕೊಂಡು ಮೊದಲೇ ಕೂತಿದ್ದಳು ಎನ್ನುವುದು ಮಾತ್ರ ಯಾವ ಕಡತದಲ್ಲೂ ಇಲ್ಲ.

ಇಷ್ಟು ಘನವಾದ ಮನೆತನಕ್ಕೆ ಮಸಿ ಬಳಿದವನು ನಾನೇ. ಆಗ ಅಂಕೋಲೆಯ ಹೈಸ್ಕೂಲಿನಲ್ಲಿ ಎಂಟನೇ ಇಯತ್ತೆ ಮುಗಿಸಿದ್ದೆ. ಮಾಜಾಳಿಯಿಂದ ಬಂದು ಅಂಕೋಲೆಯಲ್ಲಿ ಬಿಡಾರ ಮಾಡಿದ್ದವರ ಮಗ ಪ್ರಕಾಶ ನನ್ನ ಪಕ್ಕದಲ್ಲಿ ಕೂರುತ್ತಿದ್ದ. ಕಾಲಿಗೆ ಬೂಟು ಹಾಕುತ್ತಿದ್ದ ಒಬ್ಬನೇ ಹುಡುಗನಾದ್ದರಿಂದ ಅವನ ಅಭಿಪ್ರಾಯಗಳಿಗೆ ನಾನು ಬಹಳ ಬೆಲೆ ಕೊಡುತ್ತಿದ್ದೆ. ಮೇ ತಿಂಗಳ ರಜೆಯಲ್ಲಿ ಇಶಾಡು ಮಾವಿನಹಣ್ಣು ತಿನ್ನಲಿಕ್ಕೆಂದು ಅವನನ್ನು ಮನೆಗೆ ಕರೆದೆ. ಊಟದ ಹೊತ್ತಿಗೆ ಹೊನ್ನತ್ತೆ ಬಟ್ಟಲುಗಳ ರಾಶಿಯೊಂದಿಗೆ ಬಂದಳು. ಅಜ್ಜಂದು, ದೊಡ್ಡಣ್ಣಂದು ಎಂದು ಶುರುವಾದದ್ದೇ ಪ್ರಕಾಶ ಖಾಲಿ ಜಾಗಗಳನ್ನು ನೋಡಿದ, ನನ್ನನ್ನು ನೋಡಿದ, ಹೊನ್ನತ್ತೆಯತ್ತ ಕಣ್ಣು ತೋರಿಸಿ ಇವರು ಯಾರು ಎಂದು ಮೆಲ್ಲಗೆ ಕೇಳಿದ. ನನ್ನ ನಾಲಿಗೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

"ಕೆಲ್ಸಕ್ಕೆ ಇಟ್ಕಂಡದ್ದು. ತಲೆ ಸರಿ ಇಲ್ಲ."

ಹೊನ್ನತ್ತೆ ನಮ್ಮಿಂದ ಎರಡು ಮಾರು ದೂರದಲ್ಲಿದ್ದಳು. ಅವಳ ಕೈ ನಿಲ್ಲಲಿಲ್ಲ. ಪ್ರಕಾಶನ ಎದುರು ಬಂದು ಹೆಸರು ಕೇಳಿ, "ಪ್ರಕಾಶಂದು" ಎಂದು ಇಟ್ಟಳು. ಆಮೇಲೆ ನನ್ನ ಎದುರು ನಿಂತಳು. ಕೈಯಲ್ಲಿ ಒಂದೇ ಒಂದು ಬಟ್ಟಲು ಉಳಿದಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ, ಸೆರಗಿನಿಂದ ಒರೆಸಿ, ಅಡುಗೆಮನೆಗೆ ವಾಪಸು ತೆಗೆದುಕೊಂಡು ಹೋದಳು. ಅನ್ನದ ಪಾತ್ರೆ ಹಿಡಿದು ಬಂದ ಅಜ್ಜಿ ನನ್ನ ಎದುರಿನ ಬರಿ ನೆಲ ನೋಡಿದಳು. ಅಮ್ಮ ಬಟ್ಟಲು ತರಲು ಎದ್ದಳು. "ಹಾಕೂದು ಹೊನ್ನಿ ಕೆಲ್ಸ," ಎಂದಳು ಅಜ್ಜಿ. "ಅವ್ಳು ಹಾಕ್ಲಿಲ್ಲ ಅಂದ್ರೆ ಇವ ಇವತ್ತು ಉಂಬೂಕೆ ಬಂದವ ಅಲ್ಲ." ತೀರಿಕೊಂಡ ಅಜ್ಜನ ಬಟ್ಟಲಿಗೆ ಬಿಸಿ ಅನ್ನ, ಬಂಗಡೆ ಸಾರು ಬಿತ್ತು. ಜೀವಂತ ಮೊಮ್ಮಗ ಗೋಡೆಗೆ ಒರಗಿ ಅದರ ಹಬೆ ನೋಡುತ್ತಿದ್ದ. ಪ್ರಕಾಶ ತಲೆ ತಗ್ಗಿಸಿಕೊಂಡು ಉಂಡ, ಮೂರು ಇಶಾಡು ಹಣ್ಣು ತಿಂದ, ಹೋದ. ಸಂಜೆಯ ಊಟಕ್ಕೂ ನನಗೆ ಬಟ್ಟಲಿಲ್ಲ. ಅಮ್ಮ ಹಿತ್ತಿಲ ಬಾಗಿಲಲ್ಲಿ ಎರಡು ದೋಸೆ ಕೊಟ್ಟಳು. ಅದು ಊಟವಲ್ಲ, ಕಳ್ಳಸಾಗಣೆ.

ಮರುದಿನ ಬೆಳಿಗ್ಗೆ ಹೊನ್ನತ್ತೆ ಬಾವಿಕಟ್ಟೆಯ ಬಳಿ ಕಾಯಿಸಿಪ್ಪೆ, ಬೂದಿ ಹಾಕಿ ಬಟ್ಟಲು ತಿಕ್ಕುತ್ತಿದ್ದಳು. ತಪ್ಪಾಯಿತು ಎಂದು ಹೇಳುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ, ಆದ್ದರಿಂದ ಬೇಡಿಕೆಯನ್ನೇ ಮುಂದಿಟ್ಟೆ.

"ಅತ್ತೆ, ನನ್ ಬಟ್ಲು?"

"ನೀ ಯಾರು?"

ತಮಾಷೆ ಎಂದು ನಕ್ಕೆ. ಅವಳು ನಗಲಿಲ್ಲ, ಕಾದಳು. ಅರ್ಥವಾಗದವರು ಕೇಳುವ ಪ್ರಶ್ನೆ ಅದಲ್ಲವೆಂದು ಹದಿಮೂರು ವರ್ಷದ ನನಗೂ ಹೊಳೆಯಿತು. ನಾ ನಿನ್ನ ಅಳಿಯ ಎಂದೆ. ಗಟ್ಟಿಯಾಗಿ ಹೇಳು ಎಂದಳು. ಬೇಲಿಯಾಚೆಯ ಮನೆಯವರಿಗೂ ಕೇಳುವ ಹಾಗೆ ಹೇಳಿದೆ. ಅವಳು ಬಟ್ಟಲನ್ನು ತೊಳೆದು ಬೋರಲು ಹಾಕಿ, "ಅವ್ನಿಗೆ ಹೇಳ್ದ್ಯಾ?" ಎಂದಳು.

ಬಿಸಿಲಲ್ಲಿ ಅಂಕೋಲೆಗೆ ನಡೆದೆ. ಪ್ರಕಾಶನ ಬಾಗಿಲಲ್ಲಿ ನಿಂತು, ನೀರನ್ನೂ ಕುಡಿಯದೆ, ನಿನ್ನೆ ಬಟ್ಟಲು ಹಾಕಿದವಳು ನನ್ನ ಸ್ವಂತ ಅತ್ತೆ ಎಂದು ಹೇಳಿಕೆ ದಾಖಲಿಸಿದೆ. ಅವನು, "ಗೊತ್ತಿತ್ತು ಮಾರಾಯಾ, ನಿಂದೂ ಅವ್ರದ್ದೂ ಒಂದೇ ಮೂಗು" ಎಂದ. ಮಧ್ಯಾಹ್ನ ಬೆವರಿಳಿಸುತ್ತ ಜಗುಲಿಗೆ ಬಂದು ಕೂತಾಗ ಹೊನ್ನತ್ತೆ ರಾಶಿಯೊಂದಿಗೆ ಬಂದಳು. "ತಮ್ಮಂದು" ಎಂದಳು. ಟಣ್ಣೆಂದಿತು. ಅದರ ಪಕ್ಕದಲ್ಲೇ ಇನ್ನೊಂದನ್ನು ಇಟ್ಟು "ಪ್ರಕಾಶಂದು" ಎಂದಳು. ಅವನು ಮತ್ತೆ ನಮ್ಮ ಮನೆಗೆ ಬರಲಿಲ್ಲ, ಅವನ ಅಪ್ಪನಿಗೆ ಬೇರೆ ಊರಿಗೆ ವರ್ಗವಾಯಿತು. ಆದರೂ ನಮ್ಮ ಎಮ್ಮೆ ಎಷ್ಟೋ ವರ್ಷ ಅವನ ಪಾಲನ್ನು ಉಂಡಿತು.

ಅಜ್ಜಿ ಹೋದಳು. ಹಿಸ್ಸೆಯಾಯಿತು. ಜಗುಲಿ ಮೂರು ತುಂಡಾಗಿ, ಆಮೇಲೆ ಹೆಂಚಿನ ಮನೆಯೇ ಉರುಳಿ, ಅಲ್ಲಿ ಮೂರು ಸ್ಲ್ಯಾಬಿನ ಮನೆಗಳು ಎದ್ದವು. ಮೂರರಲ್ಲೂ ಊಟದ ಮೇಜು. ಹೊನ್ನತ್ತೆ ಸರದಿಯ ಮೇಲೆ ಎಲ್ಲರ ಮನೆಯಲ್ಲೂ ಇದ್ದಳು, ಕಾರವಾರದ ನನ್ನಲ್ಲಿಗೂ ಬಂದಳು. ಅವಳ ಪಿಂಚಣಿಯ ಅರ್ಜಿಯನ್ನು ನಾನೇ ತುಂಬಿದೆ. ನ್ಯೂನತೆಯ ಕಾಲಮ್ಮಿನಲ್ಲಿ ಆ ವರ್ಷ ಚಾಲ್ತಿಯಲ್ಲಿದ್ದ ಪದವನ್ನೂ, ಸಂಬಂಧದ ಕಾಲಮ್ಮಿನಲ್ಲಿ 'ಅಳಿಯ' ಎಂದೂ ದುಂಡಗೆ ಬರೆದೆ. ಅಷ್ಟರಮಟ್ಟಿಗೆ ಕಲಿತಿದ್ದೆ. ಆದರೆ ಒಂದು ದಿನ ಕಚೇರಿಯವರು ಊಟಕ್ಕೆ ಬರುವವರಿದ್ದರು. ಅವಳು ಟೈಲ್ಸಿನ ಮೇಲೆ ಗೋಡೆಗುಂಟ, ಮನೆಯಲ್ಲಿದ್ದ ಬಟ್ಟಲುಗಳನ್ನೆಲ್ಲ ಹಾಕಿಬಿಟ್ಟಿದ್ದಳು. ನಾನು ಬಗ್ಗಿ ಮೊದಲನೆಯದನ್ನು ಎತ್ತಿದೆ. ಸಿಟ್ಟಿನಿಂದಲ್ಲ, ಬಹಳ ಸಭ್ಯತೆಯಿಂದಲೇ ಎತ್ತಿದೆ. "ಅತ್ತೆ, ಅಜ್ಜ ಈಗ ಇಲ್ಲ. ಅವ್ರ್ಯಾರೂ ಇಲ್ಲ." ಅವಳು ನನ್ನ ಕೈಯಲ್ಲಿದ್ದ ಬಟ್ಟಲನ್ನೇ ನೋಡಿದಳು. ಮರುದಿನದಿಂದ ಮೇಜಿನ ಮೇಲೆ ಮನೆಯಲ್ಲಿದ್ದ ಮೂವರಿಗೆ ಮೂರೇ ಬಟ್ಟಲು ಇಟ್ಟಳು, ಸದ್ದಾಗದ ಹಾಗೆ, ಯಾರ ಹೆಸರನ್ನೂ ಹೇಳದೆ. ಸರದಿ ಮುಗಿಸಿ ಭಾವಿಕೇರಿಗೆ ಹೋದವಳು ಆ ಮಳೆಗಾಲದಲ್ಲಿ ತೀರಿಕೊಂಡಳು. ಅಲ್ಲಿಯೂ ಕೊನೆಯವರೆಗೆ ಹೆಸರು ಕೂಗಲಿಲ್ಲವಂತೆ. ಅತ್ತೆ ಈಚೆಗೆ ಬಹಳ ಸುಧಾರಿಸಿದ್ದಳು ಎಂದು ಅಲ್ಲಿದ್ದ ದೊಡ್ಡಪ್ಪನ ಮಗ ಸಮಾಧಾನ ಹೇಳಿದ.

ಮೊನ್ನೆ ಬಿದ್ದ ಬಟ್ಟಲಿನ ಎದುರು ನಾನು ಮೆಲ್ಲಗೆ ನೆಲದ ಮೇಲೆ ಕೂತೆ. ಈ ಮೊಣಕಾಲುಗಳಿಗೆ ಅದು ಸಣ್ಣ ಕೆಲಸವಲ್ಲ. ಆ ಸಾಲನ್ನು ಅವಳ ಕ್ರಮದಲ್ಲೇ ಹೇಳಿ ನೋಡಿದೆ. ಅಜ್ಜಂದು, ದೊಡ್ಡಣ್ಣಂದು, ಸಣ್ಣಣ್ಣಂದು. ಪ್ರಕಾಶನವರೆಗೂ ಒಂದೂ ತಪ್ಪಲಿಲ್ಲ. ತಪ್ಪಿದ್ದು ಬೇರೆಯೇ. ಅಷ್ಟು ವರ್ಷ, ದಿನಕ್ಕೆ ಎರಡು ಸಲ ಕೇಳಿದ ಆ ಸಾಲಿನಲ್ಲಿ ಅವಳ ಹೆಸರೇ ಇರಲಿಲ್ಲ. ಎಲ್ಲರದೂ ಆದ ಮೇಲೆ ಅವಳು ಅಜ್ಜಿಯೊಡನೆ ಅಡುಗೆಮನೆಯಲ್ಲಿ, ಉಳಿದ ಯಾವುದೋ ಬಟ್ಟಲಿನಲ್ಲಿ ಉಣ್ಣುತ್ತಿದ್ದಳು. ಅವಳ ಬಟ್ಟಲು ಯಾವುದು ಎಂದು ನಾವು ಯಾರೂ ಒಮ್ಮೆಯೂ ಕೇಳಿರಲಿಲ್ಲ.

ಬಟ್ಟಲನ್ನು ಎತ್ತಿ, ಒರೆಸಿ, ಗೋಡೆಗುಂಟ ಟಣ್ಣೆಂದು ಇಟ್ಟೆ. "ಹೊನ್ನತ್ತೆದು" ಎಂದೆ, ಗಟ್ಟಿಯಾಗಿ. ಕುಕ್ಕರಿನಲ್ಲಿ ಒಬ್ಬನಿಗಾಗುವಷ್ಟೇ ಅನ್ನವಿತ್ತು, ಅದರಲ್ಲೇ ಒಂದು ಸೌಟು ಬಡಿಸಿದೆ. ಅತ್ತೆ ಈಗ ಇಲ್ಲ ಎಂದು ತಿದ್ದುವವರು ಇಡೀ ಮನೆಯಲ್ಲಿ ಯಾರೂ ಇರಲಿಲ್ಲ.